ಓಗೊಡದ ಗುಂಡಿ

(ಬಾನುಲಿ ಭಾಷಣ)



ಇಂದು ನಿಮ್ಮೊಡನೆ ಮಾತನಾಡಲು ನಾನು ಆರಿಸಿಕೊಂಡಿರುವ ವಸ್ತು ತೀರ ಚಿಕ್ಕದು. ವಿನಯಕ್ಕಾಗಿ ಹೇಳುವ ಮಾತಲ್ಲ ಇದು. ಅಳತೆ ಹಿಡಿದು ನೋಡಿದರೂ ಅದು ಎರಡು ಅಕ್ಕಿಕಾಳನ್ನು ಒಂದರ ಹಿಂದೆ ಒಂದು ಇಟ್ಟಷ್ಟು ಉದ್ದ, ಒಂದು ಅಕ್ಕಿಕಾಳಿನಷ್ಟು ಅಗಲ. ನಮ್ಮೆಲ್ಲರ ಕಿಸೆಯಲ್ಲಿ, ಸೊಂಟದಲ್ಲಿ, ದಿಂಬಿನ ಅಡಿಯಲ್ಲಿ ಮನೆ ಮಾಡಿಕೊಂಡಿರುವ ಸ್ಮಾರ್ಟ್‌ಫೋನಿನ ಪಕ್ಕೆಯಲ್ಲಿ ಮೊಳಕೆಯಂತೆ ಎದ್ದುಕೊಂಡಿರುತ್ತದಲ್ಲ, ಆ ಗುಂಡಿ ನನ್ನ ಇಂದಿನ ವಿಷಯ.

ಗುಂಡಿ ಎಂಬ ಮಾತಿಗೆ ಕನ್ನಡದಲ್ಲಿ ಅರ್ಥ ಒಂದೇ ಅಲ್ಲ. ಅಂಗಿಗೆ ಹೊಲಿದಿರುವುದೂ ಗುಂಡಿ, ರಸ್ತೆಯಲ್ಲಿ ನಾವು ಬೀಳುವುದೂ ಗುಂಡಿ. ಮೊದಲನೆಯದು ಕಿತ್ತುಹೋದರೆ ಮಾನಕ್ಕೆ ಕುಂದು, ಎರಡನೆಯದಕ್ಕೆ ಬಿದ್ದರೆ ಮೂಳೆಗೆ ಕುಂದು. ಫೋನಿನ ಗುಂಡಿ ಕೆಟ್ಟರೆ ಏನು ಮಹಾ ಆದೀತು ಎಂದು ಹೋದ ವರ್ಷದ ಆಷಾಢದ ತನಕ ನಾನೂ ತಿಳಿದಿದ್ದೆ.

ನನ್ನ ಅಕ್ಕಯ್ಯ ತೀರ್ಥಹಳ್ಳಿಯ ಮಗ್ಗುಲಲ್ಲಿ, ತುಂಗೆಯ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿ, ಹಳೆಯ ಹಂಚಿನ ಮನೆಯೊಂದರಲ್ಲಿ ಒಬ್ಬಳೇ ಇದ್ದಾಳೆ. ವಯಸ್ಸು ಎಪ್ಪತ್ತೆಂಟು. ಭಾವ ತೀರಿಕೊಂಡು ಆರು ವರ್ಷವಾಯಿತು. ಮಕ್ಕಳು ಬೆಂಗಳೂರಿನಲ್ಲಿ, ನಾನು ಮೈಸೂರಿನಲ್ಲಿ. ‘ನಮ್ಮಲ್ಲಿಗೆ ಬಂದುಬಿಡು’ ಎಂದು ಕರೆದವರಿಗೆಲ್ಲ ಅವಳ ಉತ್ತರ ಒಂದೇ: ‘ಹಿತ್ತಿಲ ಬಾಳೆಗೊನೆಯೊಂದು ಬಲಿಯಲಿ, ಕಡಿದು ಬರುತ್ತೇನೆ.’ ಬಾಳೆಯ ಹಿತ್ತಿಲಿನಲ್ಲಿ ಗೊನೆ ಮುಗಿಯುವ ಕಾಲವೆಂಬುದು ಇಲ್ಲವಷ್ಟೆ.

ಅವಳು ಬರುವುದಿಲ್ಲವೆಂದು ಖಚಿತವಾದ ಮೇಲೆ ನಾನು ಅವಳಿಗೊಂದು ಸ್ಮಾರ್ಟ್‌ಫೋನು ಕೊಡಿಸಿದೆ. ನಮ್ಮೆಲ್ಲರ ಸಂಖ್ಯೆಗಳನ್ನೂ ಅದರಲ್ಲಿ ತುಂಬಿದೆ. ‘ಅಕ್ಕಯ್ಯ, ಬೇರೇನು ಮರೆತರೂ ಇದೊಂದನ್ನು ಮರೆಯಬೇಡ. ಏನಾದರೂ ಆದರೆ ಬಲಪಕ್ಕದ ಈ ಗುಂಡಿಯನ್ನು ಮೂರು ಸಲ ಬೇಗಬೇಗ ಒತ್ತು’ ಎಂದು ಹೇಳಿಕೊಟ್ಟೆ. ಈ ಏರ್ಪಾಡು ನನ್ನ ಬುದ್ಧಿವಂತಿಕೆಯ ಫಲವೇನೂ ಅಲ್ಲ. ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯವರು 2016ರಲ್ಲಿ ಒಂದು ನಿಯಮ ಮಾಡಿ, 2017ರ ಜನವರಿ 1ರಿಂದಾಚೆಗೆ ನಮ್ಮ ದೇಶದಲ್ಲಿ ಮಾರಾಟವಾಗುವ ಪ್ರತಿಯೊಂದು ಮೊಬೈಲ್ ಫೋನಿನಲ್ಲೂ ಆಪತ್ತಿನ ಕರೆಗೆ ಗುಂಡಿಯ ಸೌಕರ್ಯ ಇರಬೇಕೆಂದು ವಿಧಿಸಿದರು. ಅಂಕಿಗಳನ್ನು ಒತ್ತುವ ಸಾಧಾರಣ ಫೋನಿನಲ್ಲಿ ಐದನ್ನೋ ಒಂಬತ್ತನ್ನೋ ಅದುಮಿ ಹಿಡಿಯಬೇಕು. ಸ್ಮಾರ್ಟ್‌ಫೋನಿನಲ್ಲಿ ಆನ್-ಆಫ್ ಗುಂಡಿಯನ್ನು ಬೇಗಬೇಗನೆ ಮೂರು ಬಾರಿ ಒತ್ತಬೇಕು. ಕೆಲವು ಫೋನುಗಳಲ್ಲಿ ಐದು ಬಾರಿ. ಆಗ 112 ಎಂಬ ಸಂಖ್ಯೆಗೆ ಕರೆ ಹೋಗುತ್ತದೆ. ಮೊದಲೇ ಹೊಂದಿಸಿಟ್ಟಿದ್ದರೆ ಬಂಧುಗಳಿಗೂ ಸುದ್ದಿ ಮುಟ್ಟುತ್ತದೆ. ನಾನು ಹೊಂದಿಸಿಟ್ಟಿದ್ದೆ. ಕರ್ತವ್ಯ ಮುಗಿಸಿದವನ ಸಮಾಧಾನದಿಂದ ಮೈಸೂರಿಗೆ ಹಿಂತಿರುಗಿದ್ದೆ.

ಮಲೆನಾಡಿನ ಆಷಾಢವನ್ನು ಕಂಡವರಿಗೆ ಅದರ ವರ್ಣನೆ ಬೇಡ. ಕಾಣದವರಿಗೆ ಎಷ್ಟು ವರ್ಣಿಸಿದರೂ ಸಾಲದು. ಅಂದು ಸಂಜೆಯಿಂದಲೇ ಕರೆಂಟು ಇರಲಿಲ್ಲ. ರಾತ್ರಿ ಎರಡರ ಸುಮಾರಿಗೆ ಅಕ್ಕಯ್ಯ ಎದ್ದು ಬಚ್ಚಲಿಗೆ ಹೋಗಿದ್ದಾಳೆ. ಹಿಂತಿರುಗುವಾಗ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿತು. ಎಡಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು, ಸೊಂಟ ಉಳುಕಿ ಏಳಲಾಗಲಿಲ್ಲ. ಕೂಗಿದಳು. ಹಂಚಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದಿನಲ್ಲಿ ಆ ಕೂಗು ಹಿತ್ತಿಲು ದಾಟಲಿಲ್ಲ. ಫೋನು ಸೊಂಟದಲ್ಲೇ ಇತ್ತು. ಹೇಳಿಕೊಟ್ಟಂತೆ ಗುಂಡಿ ಒತ್ತಿದಳು: ಒಂದು, ಎರಡು, ಮೂರು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಪರದೆಯನ್ನು ತಟ್ಟಿ ನೋಡಿದಳು. ಒದ್ದೆ ಬೆರಳು, ಒದ್ದೆ ಗಾಜು, ಪರದೆಯೂ ಏಳಲಿಲ್ಲ. ಬೆಳಿಗ್ಗೆ ಆರಕ್ಕೆ ಹಾಲು ತರುವ ಹುಡುಗ ಬಂದು ನೋಡುವ ತನಕ ನಾಲ್ಕು ತಾಸು ಆ ತಣ್ಣನೆಯ ಕಲ್ಲಿನ ಮೇಲೆ ಅವಳು ಮಲಗಿದ್ದಳು.

ನಾನು ಶಿವಮೊಗ್ಗ ತಲಪುವ ಹೊತ್ತಿಗೆ ಅವಳ ಕೈಗೆ ಪ್ಲಾಸ್ಟರು ಬಿದ್ದಿತ್ತು. ‘ಗುಂಡಿ ಒತ್ತಲಿಲ್ಲವೇ ಅಕ್ಕಯ್ಯ?’ ಎಂದು ಕೇಳಿದೆ. ಅವಳು ತನ್ನ ಬಲಗೈಯ ಹೆಬ್ಬೆರಳನ್ನೊಮ್ಮೆ ನೋಡಿಕೊಂಡು, ‘ಒತ್ತಿದೆ. ಬೆರಳಿನಲ್ಲಿ ಶಕ್ತಿ ಸಾಲಲಿಲ್ಲ ಕಾಣ್ತದೆ ಮಾರಾಯ’ ಎಂದಳು.

ಕೇಳುಗರೇ, ಯಂತ್ರ ಓಗೊಡದಿದ್ದಾಗ ತಪ್ಪು ತಮ್ಮದೆಂದು ತಿಳಿಯುವುದು ನಮ್ಮ ಹಿರಿಯರಲ್ಲಿ ಅನೇಕರ ಸ್ವಭಾವ. ‘ನನಗೆ ಇದೆಲ್ಲ ತಿಳಿಯುವುದಿಲ್ಲ’ ಎನ್ನುತ್ತಾರೆ, ‘ನನ್ನ ಕೈಗುಣವೇ ಹೀಗೆ’ ಎನ್ನುತ್ತಾರೆ. ನಮ್ಮಂಥವರ ಸ್ವಭಾವ ಇದಕ್ಕೆ ತೀರ ವಿರುದ್ಧ. ನಾವು ಜೋರು ಮಾಡುತ್ತೇವೆ. ಲಿಫ್ಟು ಬರುವುದು ತಡವಾದರೆ ಉರಿಯುತ್ತಿರುವ ಗುಂಡಿಯನ್ನೇ ಹತ್ತು ಸಲ ಒತ್ತುತ್ತೇವೆ. ಟೆಲಿವಿಷನ್ನಿನ ರಿಮೋಟು ಮಾತು ಕೇಳದಿದ್ದರೆ ಅದನ್ನು ಅಂಗೈಗೆ ಬಡಿಯುತ್ತೇವೆ. ಒಂದು ಸಲ ಕರೆದಾಗ ಓಗೊಡದವನು ಕಿವುಡನೇ ಇರಬೇಕು, ಕೂಗಿ ಕರೆದರೆ ಕೇಳಿಸೀತು ಎಂಬುದು ನಮ್ಮ ಲೆಕ್ಕ. ಅಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನಾನು ಮಾಡಿದ್ದೂ ಅದನ್ನೇ. ಅಕ್ಕಯ್ಯನ ಫೋನನ್ನು ಹಿಡಿದು, ಹೆಬ್ಬೆರಳು ಬಿಳಿಚಿಕೊಳ್ಳುವ ಹಾಗೆ ಆ ಗುಂಡಿಯನ್ನು ಅದುಮಿದೆ. ಗುಂಡಿ ಓಗೊಡಲಿಲ್ಲ. ಅವಳ ಬೆರಳಿನಲ್ಲಿ ಶಕ್ತಿಗೆ ಕೊರತೆ ಇರಲಿಲ್ಲವೆಂಬುದು ಮಾತ್ರ ಸ್ಪಷ್ಟವಾಯಿತು.

ಮಾರನೆಯ ದಿನ ಫೋನನ್ನು ತೆಗೆದುಕೊಂಡು ನೆಹರೂ ರಸ್ತೆಯ ಆಸುಪಾಸಿನ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯೆಂದರೆ ಒಂದು ಮೇಜು, ಮೇಜಿನ ಮೇಲೊಂದು ದೀಪ, ದೀಪದ ಕೆಳಗೆ ಬಾಗಿದ ಒಬ್ಬ ಹುಡುಗ. ಇಪ್ಪತ್ತೈದು ದಾಟಿರಲಾರದು. ಅವನು ಫೋನನ್ನು ಕೈಗೆ ತೆಗೆದುಕೊಂಡವನು ತಕ್ಷಣ ಬಿಚ್ಚುತ್ತಾನೆಂದು ನಾನು ಎಣಿಸಿದ್ದೆ. ಅವನು ಬಿಚ್ಚಲಿಲ್ಲ, ಪ್ರಶ್ನೆ ಕೇಳಿದ. ಹಳೆಯ ಕಾಲದ ಪಂಡಿತರು ನಾಡಿ ಹಿಡಿಯುವ ಮೊದಲು ಊಟ, ನಿದ್ದೆ, ಬಾಯಾರಿಕೆಗಳನ್ನು ವಿಚಾರಿಸುತ್ತಿದ್ದ ರೀತಿ ಅದು. ಅಂದು ನಾನು ಕಲಿತ ಆ ಪ್ರಶ್ನೆಗಳ ಕ್ರಮವನ್ನು ನಿಮಗೂ ಒಪ್ಪಿಸುತ್ತೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಗುಂಡಿ ಇದ್ದೇ ಇರುತ್ತದೆ.

ಅವನ ಮೊದಲ ಪ್ರಶ್ನೆ: ‘ಒಂದೇ ಗುಂಡಿಯೋ, ಎಲ್ಲ ಗುಂಡಿಯೂ ಹೀಗೆಯೋ ಸಾರ್?’ ಪ್ರಶ್ನೆ ಸರಳವಾದರೂ ಅದರಲ್ಲಿ ಅರ್ಧ ಉತ್ತರವಿದೆ. ಆನ್-ಆಫ್ ಗುಂಡಿ, ಧ್ವನಿ ಏರಿಸುವ ಗುಂಡಿ, ಇಳಿಸುವ ಗುಂಡಿ, ಪರದೆ ಎಲ್ಲವೂ ಒಟ್ಟಿಗೆ ಮೂಕವಾಗಿದ್ದರೆ ಕೆಟ್ಟಿರುವುದು ಗುಂಡಿ ಆಗಿರಲಾರದು. ಬ್ಯಾಟರಿ ಪೂರ್ತಿ ಬರಿದಾಗಿರಬಹುದು. ಅಂಥ ಫೋನನ್ನು ಅರ್ಧ ಗಂಟೆ ಚಾರ್ಜಿಗೆ ಹಾಕಿ ಸುಮ್ಮನಿರಬೇಕು. ಅದೂ ಅಲ್ಲವಾದರೆ ಫೋನಿನ ಬುದ್ಧಿ ಎಲ್ಲೋ ಒಂದೆಡೆ ತೊಡಕಿಕೊಂಡು ನಿಂತಿರುತ್ತದೆ. ಆಗ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಆನ್-ಆಫ್ ಗುಂಡಿಯನ್ನೂ ಧ್ವನಿ ಇಳಿಸುವ ಗುಂಡಿಯನ್ನೂ ಒಟ್ಟಿಗೆ ಹತ್ತಿಪ್ಪತ್ತು ಸೆಕೆಂಡು ಹಿಡಿದರೆ ಅದು ಹೊಸದಾಗಿ ಏಳುತ್ತದೆ. 2017ರಿಂದೀಚೆಗೆ ಬಂದ ಐಫೋನುಗಳಲ್ಲಿ ಧ್ವನಿ ಏರಿಸುವುದನ್ನು ಒಮ್ಮೆ ಒತ್ತಿ ಬಿಟ್ಟು, ಇಳಿಸುವುದನ್ನು ಒಮ್ಮೆ ಒತ್ತಿ ಬಿಟ್ಟು, ಆಮೇಲೆ ಪಕ್ಕದ ಗುಂಡಿಯನ್ನು ಲಾಂಛನ ಮೂಡುವ ತನಕ ಹಿಡಿಯಬೇಕು. ಮಂತ್ರದಂತೆ ಇದಕ್ಕೂ ಕ್ರಮ ತಪ್ಪಬಾರದು.

ಎರಡನೆಯ ಪ್ರಶ್ನೆಗಿಂತ ಮೊದಲು ಅವನು ಒಂದು ಕೆಲಸ ಮಾಡಿದ. ಫೋನಿಗೆ ತೊಡಿಸಿದ್ದ ಕವರನ್ನು ಕಳಚಿದ. ‘ಇಲ್ಲಿಗೆ ಬರೋದರಲ್ಲಿ ಎಷ್ಟೋ ಫೋನು ಇಷ್ಟಕ್ಕೇ ಸರಿಹೋಗ್ತವೆ ಸಾರ್’ ಎಂದ. ಕವರು ಅಳತೆಗೆ ಸರಿಯಾಗಿ ಕೂಡದಿದ್ದರೆ ಅದರ ಉಬ್ಬು ಗುಂಡಿಯ ನೆತ್ತಿಯ ಮೇಲೆ ಬೀಳದೆ ಪಕ್ಕಕ್ಕೆ ಬೀಳುತ್ತದೆ, ಇಲ್ಲವೇ ಸದಾ ಅದನ್ನು ಅದುಮಿ ಹಿಡಿದಿರುತ್ತದೆ. ನಾವು ಒತ್ತುತ್ತಿರುವುದು ರಬ್ಬರನ್ನು, ಬೈಯುತ್ತಿರುವುದು ಫೋನನ್ನು. ಅಕ್ಕಯ್ಯನ ಫೋನಿನ ಕವರು ಕಳಚಿದಾಗ ಗುಂಡಿಯ ಸುತ್ತ ಹಳದಿಯ ಒಂದು ಗೆರೆ ಕಾಣಿಸಿತು. ಗುಂಡಿ ಮಾತ್ರ ಮೂಕವಾಗಿಯೇ ಇತ್ತು.

ಆಮೇಲೆ ಫೋನನ್ನು ಕಿವಿಗೆ ಹಿಡಿದು, ಮೆಲ್ಲಗೆ ಒತ್ತಿ, ‘ಟಿಕ್ ಅನ್ನತ್ತಾ ಕೇಳಿ ಸಾರ್’ ಎಂದು ನನ್ನ ಕೈಗೆ ಕೊಟ್ಟ. ನಾನು ಮೂರು ವರ್ಷದಿಂದ ಒತ್ತುತ್ತ ಬಂದಿದ್ದ ಇಂಥ ಗುಂಡಿಯ ಮಾತನ್ನು ಕಿವಿಗೊಟ್ಟು ಕೇಳಿದ್ದು ಅಂದೇ ಮೊದಲು. ಆ ಟಿಕ್ ಎಲ್ಲಿಂದ ಬರುತ್ತದೆ ಬಲ್ಲಿರಾ? ಹೊರಗೆ ಕಾಣುವುದು ಬರಿಯ ಟೋಪಿ. ಅದರ ಹಿಂದೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಲೋಹದ ಬಟ್ಟಲು ಬೋರಲಾಗಿ ಕುಳಿತಿರುತ್ತದೆ. ನಾವು ಒತ್ತಿದಾಗ ಅದರ ಬೆನ್ನು ಒಳಕ್ಕೆ ತಗ್ಗಿ ಕೆಳಗಿನ ಬಿಂದುವನ್ನು ಮುಟ್ಟುತ್ತದೆ. ಮುಟ್ಟಿದ ಕೂಡಲೇ ವಿದ್ಯುತ್ತಿನ ದಾರಿ ಕೂಡುತ್ತದೆ. ಬಿಟ್ಟೊಡನೆ ಬೆನ್ನು ಮತ್ತೆ ಮೇಲೇಳುತ್ತದೆ. ಬೆನ್ನು ತಗ್ಗುವಾಗಿನ ಸದ್ದೇ ಆ ಟಿಕ್. ಅಲ್ಲಿಂದ ಕಾಗದದಷ್ಟು ತೆಳುವಾದ ಒಂದು ಪಟ್ಟಿ ಈ ಸುದ್ದಿಯನ್ನು ಫೋನಿನ ಒಳಕ್ಕೆ ಒಯ್ಯುತ್ತದೆ. ರಿಪೇರಿಯವರು ಇದನ್ನು ಆನ್-ಆಫ್ ಸ್ಟ್ರಿಪ್ ಎನ್ನುತ್ತಾರೆ.

ಹೀಗಾಗಿ ಟಿಕ್ ಎಂಬ ಸದ್ದು ರೋಗದ ನೆಲೆಯನ್ನು ತಿಳಿಸುತ್ತದೆ. ಟಿಕ್ ಕೇಳಿಸದೆ ಗುಂಡಿ ಒಳಕ್ಕೆ ಕುಸಿದು ಅಲ್ಲೇ ನಿಂತರೆ ಟೋಪಿಯ ಸಂದಿನಲ್ಲಿ ಜಿಡ್ಡು ಕೂತಿದೆ, ಇಲ್ಲವೆ ಬಟ್ಟಲು ಜಜ್ಜಿದೆ ಎಂದು ತಿಳಿಯಬೇಕು. ಟಿಕ್ ಸ್ಪಷ್ಟವಾಗಿ ಕೇಳಿಸಿಯೂ ಫೋನು ಅಲುಗದಿದ್ದರೆ ಬಟ್ಟಲಿನ ಅಡಿಯಲ್ಲಿ ಕಿಲುಬು ಹಿಡಿದಿದೆ, ಪಟ್ಟಿ ಹರಿದಿದೆ, ಅಥವಾ ಫೋನಿನ ಬುದ್ಧಿಯಲ್ಲೇ ಏನೋ ಆಗಿದೆ. ‘ಜೋರಾಗಿ ಒತ್ತಿದ್ರಾ ಸಾರ್?’ ಎಂದು ಹುಡುಗ ಕೇಳಿದ. ನಾನು ಉತ್ತರ ಕೊಡಲಿಲ್ಲ. ‘ಎಲ್ಲರೂ ಅದನ್ನೇ ಮಾಡ್ತಾರೆ. ಬಟ್ಟಲು ಅಪ್ಪಚ್ಚಿ ಆಗಿಬಿಟ್ರೆ ಆಮೇಲೆ ಏಳೋದೇ ಇಲ್ಲ’ ಎಂದ.

ಬುದ್ಧಿಯ ದೋಷವನ್ನು ಕಂಡುಹಿಡಿಯಲು ಒಂದು ಉಪಾಯವಿದೆ. ಸೇಫ್ ಮೋಡ್ ಎಂಬ ಸ್ಥಿತಿಯಲ್ಲಿ ಆಂಡ್ರಾಯ್ಡ್ ಫೋನನ್ನು ಎಬ್ಬಿಸಿದರೆ, ನಾವು ಆಮೇಲೆ ತಂದು ತುಂಬಿದ ಆ್ಯಪುಗಳೆಲ್ಲ ಹೊರಗುಳಿದು, ಅದು ಹುಟ್ಟಿದಾಗಿನ ಸರಳತೆಯಲ್ಲಿ ಏಳುತ್ತದೆ. ಆಗ ಧ್ವನಿಯ ಗುಂಡಿಗಳು ಸರಿಯಾಗಿ ನಡೆದರೆ ತಪ್ಪು ಯಾವುದೋ ಅತಿಥಿಯದು. ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸಿ ನೋಡಬೇಕು. ಇನ್ನೊಂದು ಸಂಗತಿಯೂ ಉಂಟು. 2021ರ ಈಚೆಗೆ ಬಂದ ಹಲವು ಫೋನುಗಳಲ್ಲಿ ಆನ್-ಆಫ್ ಗುಂಡಿಯನ್ನು ಅದುಮಿ ಹಿಡಿದರೆ ಫೋನು ಆರುವುದಿಲ್ಲ. ಅದರ ಬದಲು ‘ನಿಮಗೇನು ಬೇಕು’ ಎಂದು ವಿಚಾರಿಸುವ ಸಹಾಯಕನೊಬ್ಬ ಪ್ರತ್ಯಕ್ಷನಾಗುತ್ತಾನೆ. ಗುಂಡಿ ಕೆಟ್ಟಿತೆಂದು ಅಂಗಡಿಗೆ ಓಡಿಬರುವವರುಂಟು. ಪಾಪ, ಗುಂಡಿ ಕೆಟ್ಟಿರುವುದಿಲ್ಲ, ಅದರ ಹುದ್ದೆ ಬದಲಾಗಿರುತ್ತದೆ. ಸೆಟ್ಟಿಂಗ್ಸಿನಲ್ಲಿ ಹೋಗಿ ಹಳೆಯ ಹುದ್ದೆಯನ್ನು ಅದಕ್ಕೆ ಮರಳಿ ಕೊಡಬಹುದು.

ಅಕ್ಕಯ್ಯನ ಫೋನು ಈ ಯಾವ ಪರೀಕ್ಷೆಗೂ ಬಗ್ಗಲಿಲ್ಲ. ‘ಫೋಟೋ ಎಲ್ಲ ಬೇರೆ ಕಡೆ ಇಟ್ಟುಕೊಂಡಿದ್ದೀರಾ?’ ಎಂದು ಕೇಳಿ, ಅದಾದ ಮೇಲೆಯೇ ಅವನು ಫೋನಿನ ಬೆನ್ನಿಗೆ ಬಿಸಿ ಕೊಟ್ಟು ಅಂಟು ಸಡಿಲಿಸಿ ಬಿಚ್ಚಿದ. ಭೂತಗನ್ನಡಿಯಲ್ಲಿ ನನಗೂ ತೋರಿಸಿದ. ಟೋಪಿಯ ಸಂದಿನಲ್ಲಿ ಅಕ್ಕಯ್ಯನ ಅಡುಗೆಮನೆಯ ಇತಿಹಾಸವೇ ಇತ್ತು: ಅರಿಸಿನ, ಅಕ್ಕಿಹಿಟ್ಟು, ಕೊಬ್ಬರಿ ಎಣ್ಣೆಯ ಜಿಡ್ಡು. ಅದರ ಕೆಳಗೆ, ಬಟ್ಟಲಿನ ಅಂಚಿನಲ್ಲಿ, ಹಳೆಯ ತಾಮ್ರದ ತಂಬಿಗೆಗೆ ಹಿಡಿಯುವಂಥ ಹಸಿರು ಕಿಲುಬು. ಮಲೆನಾಡಿನ ಮಳೆಗಾಲದ ತೇವ ಮೂರು ವರ್ಷ ಮೆಲ್ಲಮೆಲ್ಲನೆ ಒಳಗೆ ಇಳಿದು ಮಾಡಿದ ಕೆಲಸ. ‘ಸ್ಟ್ರಿಪ್ಪೇ ಬದಲಾಯಿಸಬೇಕು’ ಎಂದ. ಬದಲಾಯಿಸಿದ. ಇನ್ನೂರೈವತ್ತು ರೂಪಾಯಿ.

ಅವನು ಕೆಲಸ ಮಾಡುತ್ತಿದ್ದಾಗ ನನಗೆ ನಮ್ಮ ಮನೆಯ ಹಳೆಯ ರೇಡಿಯೋ ನೆನಪಾಯಿತು. ಅರವತ್ತರ ದಶಕದ ವಾಲ್ವ್ ರೇಡಿಯೋ. ಮಳೆಗಾಲ ಬಂತೆಂದರೆ ಅದರ ಧ್ವನಿಯ ತಿರುಗಣೆ ಕರಕರ ಸದ್ದು ಮಾಡುತ್ತಿತ್ತು. ಅಪ್ಪಯ್ಯ ಅದನ್ನು ಬಡಿಯುತ್ತಿರಲಿಲ್ಲ. ರೇಡಿಯೋ ಆರಿಸಿ, ತಿರುಗಣೆಯನ್ನು ಈ ಕೊನೆಯಿಂದ ಆ ಕೊನೆಗೆ ಹತ್ತಿಪ್ಪತ್ತು ಸಲ ನಿಧಾನವಾಗಿ ತಿರುಗಿಸುತ್ತಿದ್ದರು. ಕೂತಿದ್ದ ಧೂಳು ಒರೆಸಿಹೋಗಿ ವಾರ್ತೆ ನಿಚ್ಚಳವಾಗಿ ಕೇಳಿಸುತ್ತಿತ್ತು. ಅಂದಿನ ತಿರುಗಣೆಗೂ ಇಂದಿನ ಗುಂಡಿಗೂ ರೋಗ ಒಂದೇ. ಎರಡು ಲೋಹಗಳು ಮುಟ್ಟಬೇಕಾದ ಜಾಗದಲ್ಲಿ ಮೂರನೆಯದೊಂದು ಬಂದು ಕುಳಿತಿರುತ್ತದೆ.

ಜಿಡ್ಡು ಇನ್ನೂ ಮೇಲೆಮೇಲೆಯೇ ಇದ್ದರೆ ಮನೆಯಲ್ಲೂ ತೆಗೆಯಬಹುದು. ಫೋನನ್ನು ಆರಿಸಿ, ಮೆದುವಾದ ಒಣ ಬ್ರಷ್ಷಿನಿಂದ ಗುಂಡಿಯ ಸುತ್ತ ಉಜ್ಜಬೇಕು. ಸಾಲದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ, ಬೇಗ ಆರಿಹೋಗುವ ದ್ರವದಲ್ಲಿ ಹತ್ತಿಯ ಕಡ್ಡಿಯ ತುದಿಯನ್ನು ತುಸುವೇ ತೇವ ಮಾಡಿ ಒರೆಸಿ, ಗುಂಡಿಯನ್ನು ಮೆಲ್ಲಗೆ ಹಲವು ಸಲ ಒತ್ತಿ ಬಿಡಬೇಕು. ಪೂರ್ತಿ ಆರಿದ ಮೇಲೆಯೇ ಫೋನನ್ನು ಎಬ್ಬಿಸಬೇಕು. ಮಾಡಬಾರದ್ದು ಇದಕ್ಕಿಂತ ಹೆಚ್ಚಿದೆ. ಹೊಲಿಗೆಯ ಯಂತ್ರಕ್ಕೆ ಬಿಟ್ಟಂತೆ ಎಣ್ಣೆ ಬಿಡಬಾರದು. ಕೈಗೆ ಹಚ್ಚುವ ಸ್ಯಾನಿಟೈಸರ್ ಸುರಿಯಬಾರದು, ಅದರಲ್ಲಿ ನೀರಿನ ಅಂಶವಿರುತ್ತದೆ. ಸೂಜಿಯಿಂದ ಕೆದಕಬಾರದು, ನೀರನ್ನು ತಡೆಯುವ ರಬ್ಬರು ಹರಿದುಹೋಗುತ್ತದೆ. ನೀರಿಗೆ ಬಿದ್ದ ಫೋನನ್ನು ಅಕ್ಕಿಯ ಡಬ್ಬದಲ್ಲಿ ಹೂಳುವ ಪದ್ಧತಿಯೊಂದು ನಮ್ಮಲ್ಲಿ ಬೆಳೆದಿದೆಯಷ್ಟೆ. ಅಕ್ಕಿಯ ಹುಡಿ ಒಳಗೆ ಸೇರಿ ಇನ್ನಷ್ಟು ಕೆಡಿಸೀತು, ಹಾಗೆ ಮಾಡಬೇಡಿ ಎಂದು ಆಪಲ್ ಸಂಸ್ಥೆಯವರೇ ತಮ್ಮ ಸಲಹೆಯಲ್ಲಿ ಹೇಳಿದ್ದಾರೆ. ಗಾಳಿಯಾಡುವ ಒಣ ಜಾಗದಲ್ಲಿ ಇಟ್ಟು ಕಾಯುವುದೇ ಲೇಸು. ಅಕ್ಕಿ ಅನ್ನಕ್ಕಿರಲಿ.

ಇಲ್ಲಿಯ ತನಕ ಹೇಳಿದ್ದು ಗುಂಡಿಯ ಮೌನದ ವಿಚಾರ. ಕರೆಯದೆ ಓಗೊಡುವ ಗುಂಡಿಯೂ ಉಂಟು. ಜಿಡ್ಡಿನಿಂದ ಅದುಮಿಕೊಂಡೇ ನಿಂತ ಆನ್-ಆಫ್ ಗುಂಡಿ ಫೋನನ್ನು ಮತ್ತೆ ಮತ್ತೆ ಆರಿಸಿ ಎಬ್ಬಿಸುತ್ತದೆ. ಇನ್ನು ಕಿಸೆಯಲ್ಲಿ, ಚೀಲದಲ್ಲಿ ತಾನೇ ತಾನಾಗಿ ಐದು ಸಲ ಒತ್ತಿಕೊಂಡ ಫೋನುಗಳಿಂದ ಸುಳ್ಳು ಆಪತ್ಕರೆಗಳು ಬಹಳವಾಗಿವೆಯೆಂದು 2023ರಲ್ಲಿ ಬ್ರಿಟನ್ನಿನ ಪೊಲೀಸರು ಬಹಿರಂಗವಾಗಿಯೇ ಹೇಳಿಕೊಳ್ಳಬೇಕಾಯಿತು. ಮಾತಿಗೆ ಹೇಗೋ ಗುಂಡಿಗೂ ಹಾಗೆ. ವೇಳೆಯಲ್ಲಿ ಆಡದಿದ್ದರೂ ಕಷ್ಟ, ವೇಳೆಯಲ್ಲದ ವೇಳೆಯಲ್ಲಿ ಆಡಿದರೂ ಕಷ್ಟ.

‘ಗುಂಡಿಗಳ ಕಾಲವೇ ಮುಗಿಯುತ್ತ ಬಂತಲ್ಲ, ಅದಕ್ಕೇಕೆ ಇಷ್ಟು ಪರದಾಟ’ ಎಂದು ನೀವು ಕೇಳಬಹುದು. ನಿಜ. ಹಿಂದಿನ ಮೊಬೈಲುಗಳ ಮೈತುಂಬ ಗುಂಡಿಗಳಿದ್ದವು. 2007ರಲ್ಲಿ ಬಂದ ಮೊದಲ ಐಫೋನಿನ ಮುಖದಲ್ಲಿ ಒಂದೇ ಒಂದು ಉಳಿಯಿತು. 2016ರ ಐಫೋನಿನಲ್ಲಿ ಆ ಒಂದು ಗುಂಡಿಯೂ ಅಲುಗದೆ ನಿಂತಿತು. ಬೆರಳಿಟ್ಟಾಗ ಒಳಗಿನ ಒಂದು ಪುಟ್ಟ ಮೋಟಾರು ನಡುಗಿ, ಒತ್ತಿದಂತೆ ನಮಗೆ ಭ್ರಮೆ ಹುಟ್ಟಿಸುತ್ತಿತ್ತು. ಫೋನನ್ನು ಆರಿಸಿದರೆ ಆ ಅಭಿನಯವೂ ನಿಲ್ಲುತ್ತಿತ್ತು. 2017ರಲ್ಲಿ ಬಂದ ಐಫೋನ್ ಹತ್ತರ ಮುಖದಿಂದ ಗುಂಡಿ ಮಾಯವೇ ಆಯಿತು. ಎಲ್ಲ ಕೆಲಸವೂ ಗಾಜಿನ ಮೇಲೆ ಬಂತು.

ಆದರೆ ಗಾಜಿಗೆ ಒಂದು ಮಿತಿಯಿದೆ. ಅದು ಬೆರಳನ್ನು ಗುರುತಿಸುವುದು ಒತ್ತಡದಿಂದಲ್ಲ. ನಮ್ಮ ಮೈ ವಿದ್ಯುತ್ತಿಗೆ ಸ್ಪಂದಿಸುವ ಗುಣದಿಂದ. ನೀರಿಗೂ ಆ ಗುಣವಿದೆ. ಗಾಜಿನ ಮೇಲೆ ನೀರು ಹರಡಿದಾಗ ಹನಿ ಯಾವುದು, ಬೆರಳು ಯಾವುದು ತಿಳಿಯದೆ ಪರದೆ ಕಂಗೆಡುತ್ತದೆ. ಗುಂಡಿಗೆ ಈ ಗೊಂದಲವಿಲ್ಲ. ಒದ್ದೆ ಕೈಯಾದರೇನು, ಕತ್ತಲೆಯಾದರೇನು, ಕನ್ನಡಕ ಎಲ್ಲೋ ಉಳಿದರೇನು, ತಡವಿ ಹುಡುಕಿ ಒತ್ತಿದರೆ ಅದು ಕೇಳಬೇಕು. ಬಿದ್ದವರ ಪಾಲಿಗೆ ಫೋನಿನಲ್ಲಿ ಉಳಿಯುವುದು ಅದೊಂದೇ. ಅದನ್ನು ಈಗ ನಾನು ಚಿಕ್ಕದೆಂದು ಎಣಿಸಲಾರೆ.

ಹಾಗಾದರೆ ಅಂಥ ಗುಂಡಿ ಕೆಟ್ಟಿರುವುದು ಅಕ್ಕಯ್ಯನಿಗೆ ಮೊದಲೇ ತಿಳಿಯಲಿಲ್ಲವೇ? ಈ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಫೋನಿನೊಡನೆ ಅವಳ ಬಳಿಗೆ ಹಿಂತಿರುಗಿದೆ. ತಿಳಿದಿತ್ತು. ಎರಡು ತಿಂಗಳಿಂದ ಗುಂಡಿ ಹಟ ಹಿಡಿದಿತ್ತು. ನೆರೆಮನೆಯ ಹುಡುಗ ಬಂದು, ಪರದೆಯ ಮೇಲೆ ಎರಡು ಸಲ ತಟ್ಟಿದರೆ ಫೋನು ಎಚ್ಚರವಾಗುವಂತೆ ಮಾಡಿಕೊಟ್ಟಿದ್ದ. ಇಂಥ ತಾತ್ಕಾಲಿಕ ಉಪಾಯಗಳು ಹಲವಿವೆ. ಪರದೆಯ ಮೇಲೆಯೇ ಗುಂಡಿಯ ಚಿತ್ರವೊಂದನ್ನು ಮೂಡಿಸಿಕೊಳ್ಳಬಹುದು. ಐಫೋನಿನವರು ಅದನ್ನು ಅಸಿಸ್ಟಿವ್ ಟಚ್ ಎನ್ನುತ್ತಾರೆ, ಆಂಡ್ರಾಯ್ಡಿನಲ್ಲಿ ಆ್ಯಕ್ಸೆಸಿಬಿಲಿಟಿ ಮೆನು ಎಂದು ಹೆಸರು. ಒಳ್ಳೆಯ ಉಪಾಯಗಳೇ. ಆದರೆ ಊರುಗೋಲು ಸಿಕ್ಕಿತೆಂದು ಕಾಲಿನ ನೋವನ್ನು ಮರೆಯುವಂತಾಗಬಾರದು. ದಿನನಿತ್ಯದ ಕೆಲಸವೆಲ್ಲ ತಟ್ಟುವುದರಲ್ಲೇ ಸಾಗಿದ್ದರಿಂದ, ಆ ಗುಂಡಿಯಿಂದ ಆಗಬೇಕಾದ ಇನ್ನೊಂದು ಕೆಲಸ ಉಳಿದಿದೆಯೆಂಬುದು ಆ ರಾತ್ರಿಯ ತನಕ ಯಾರಿಗೂ ನೆನಪಾಗಲಿಲ್ಲ.

‘ನನಗೊಂದು ಮಾತು ಹೇಳಬಾರದಿತ್ತೇ ಅಕ್ಕಯ್ಯ?’ ಎಂದೆ.

‘ಹೇಳಿದ್ದೆನಲ್ಲ ಮಾರಾಯ, ಜ್ಯೇಷ್ಠದಲ್ಲೇ. ಜೋರಾಗಿ ಒತ್ತು ಅಂದೆ ನೀನು’ ಎಂದಳು. ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಅಡಕೆಯ ಧಾರಣೆ ಹೇಳುವ ಹಾಗೆ ಹೇಳಿದಳು.

ನನಗೆ ನೆನಪಾಯಿತು. ಅಂದು ನಾನು ಯಾವುದೋ ಪುಸ್ತಕದ ಕರಡು ತಿದ್ದುತ್ತಿದ್ದೆ. ಅವಳ ಕರೆ ಬಂದಾಗ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕರಡಿನ ಮೇಲಿಂದ ಕಣ್ಣು ತೆಗೆಯದೆ, ಆ ಎರಡು ಮಾತು ಹೇಳಿ ಮುಗಿಸಿದ್ದೆ. ಶಿವಮೊಗ್ಗದ ಆ ಹುಡುಗ ಅಪರಿಚಿತನ ಫೋನೊಂದಕ್ಕೆ ಕೊಟ್ಟ ಹತ್ತು ನಿಮಿಷದ ಗಮನವನ್ನು ನಾನು ಅಂದು ಅಕ್ಕಯ್ಯನಿಗೆ ಕೊಟ್ಟಿದ್ದರೆ, ಒಂದೇ ಗುಂಡಿಯೋ ಎಲ್ಲವೋ, ಟಿಕ್ ಎನ್ನುವುದೋ ಇಲ್ಲವೋ ಎಂದು ಕೇಳಿದ್ದರೆ, ಜ್ಯೇಷ್ಠದಲ್ಲೇ ಆ ಪಟ್ಟಿ ಬದಲಾಗಿರುತ್ತಿತ್ತು.

ಈಗ ಅವಳ ಕೈ 

ಕೂಡಿದೆ, ಮೆಟ್ಟಿಲ ಪಾಚಿ ಉಜ್ಜಿಸಿದ್ದೇವೆ, ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ. ಅವಳು ತೀರ್ಥಹಳ್ಳಿಯಲ್ಲೇ ಇದ್ದಾಳೆ, ಹಿತ್ತಿಲಲ್ಲಿ ಇನ್ನೊಂದು ಗೊನೆ ಬಲಿಯುತ್ತಿದೆ. ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಪ್ರತಿ ತಿಂಗಳ ಮೊದಲನೆಯ ತಾರೀಖು ಬೆಳಿಗ್ಗೆ ಅವಳು ಕವರು ಕಳಚಿ, ಒಣ ಬ್ರಷ್ಷಿನಿಂದ ಗುಂಡಿಯ ಸುತ್ತ ಒರೆಸಿ, ಪರದೆ ಆರಿಸಿ, ಗುಂಡಿಯಿಂದಲೇ ಅದನ್ನು ಒಮ್ಮೆ ಎಚ್ಚರಿಸುತ್ತಾಳೆ. ಮೂರು ಸಲ ಬೇಡ, ಒಂದೇ ಸಲ ಸಾಕು. ಸುಳ್ಳು ಕರೆ ಹೋಗಬಾರದಲ್ಲ. ಆಮೇಲೆ ನನಗೆ ಫೋನು ಮಾಡುತ್ತಾಳೆ. ಆ ಹೊತ್ತಿನಲ್ಲಿ ನಾನು ಕರಡು ತಿದ್ದುವುದಿಲ್ಲ.

ನಿಮ್ಮಲ್ಲೂ ದೂರದ ಊರಿನಲ್ಲಿ ಒಬ್ಬರೇ ಇರುವ ಹಿರಿಯರಿದ್ದರೆ, ಈ ಭಾಷಣ ಮುಗಿದ ಮೇಲೆ ಅವರಿಗೊಂದು ಕರೆ ಮಾಡಿ ಗುಂಡಿಯ ಯೋಗಕ್ಷೇಮ ವಿಚಾರಿಸಿರಿ. ಅದರೊಡನೆ ಮಿಕ್ಕ ಯೋಗಕ್ಷೇಮವೂ ತಿಳಿದುಬರುತ್ತದೆ.

ಕಳೆದ ತಿಂಗಳು ಅಕ್ಕಯ್ಯ ಕರೆ ಮಾಡಿದಾಗ, ‘ಟಿಕ್ ಅಂತು ಮಾರಾಯ. ನಿನ್ನದು?’ ಎಂದು ಕೇಳಿದಳು. ಇಷ್ಟು ತಿಂಗಳಲ್ಲಿ ನನ್ನ ಫೋನಿನ ಗುಂಡಿಯನ್ನು ನಾನು ಒಮ್ಮೆಯೂ ಹಾಗೆ ಒತ್ತಿ ನೋಡಿರಲಿಲ್ಲ. ‘ತಾಳು ಅಕ್ಕಯ್ಯ’ ಎಂದು ಕನ್ನಡಕ ತೆಗೆದಿಟ್ಟು, ಕವರು ಕಳಚತೊಡಗಿದೆ.